ಹುಟ್ಟು ನೆಟ್ಟಗೆ ನಿಂತರೆ ಸ್ಟ್ಯೂ ಆಯಿತೆಂದು ಲೆಕ್ಕ

ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿ ಬ್ರನ್ಸ್‌ವಿಕ್ ಎಂಬ ಪಟ್ಟಣವಿದೆ. ಅಲ್ಲಿ ಕಲ್ಲುಕಟ್ಟೆಯ ಮೇಲೆ ಹಳೆಯ ಕಬ್ಬಿಣದ ಹಂಡೆಯೊಂದನ್ನು ಕೂರಿಸಿ ಸ್ಮಾರಕ ಮಾಡಿದ್ದಾರೆ. ಮೊಟ್ಟಮೊದಲ ಬ್ರನ್ಸ್‌ವಿಕ್ ಸ್ಟ್ಯೂ ಬೆಂದದ್ದು ಇದೇ ಪಾತ್ರೆಯಲ್ಲಿ, 1898ರ ಜುಲೈ 2ರಂದು, ಪಕ್ಕದ ಸೇಂಟ್ ಸೈಮನ್ಸ್ ದ್ವೀಪದಲ್ಲಿ ಎಂದು ಅಲ್ಲಿನ ಬರಹ ಸಾರುತ್ತದೆ. ತಾರೀಖಿನ ಸಮೇತ ಜನ್ಮದಿನ ಹೇಳಿಕೊಳ್ಳುವ ಅಡುಗೆಗಳು ಲೋಕದಲ್ಲಿ ಕಡಿಮೆ. ಆದರೆ ಉತ್ತರಕ್ಕಿರುವ ವರ್ಜೀನಿಯಾದವರು ಇದನ್ನು ಒಪ್ಪುವುದಿಲ್ಲ. ಅವರಲ್ಲೂ ಬ್ರನ್ಸ್‌ವಿಕ್ ಹೆಸರಿನ ಕೌಂಟಿ ಇದೆ. ಸ್ಟ್ಯೂ ಹುಟ್ಟಿದ್ದು 1828ರಲ್ಲಿ, ತಮ್ಮಲ್ಲಿ ಎನ್ನುವುದು ಅವರ ವಾದ. 1988ರಲ್ಲಿ ವರ್ಜೀನಿಯಾದ ಶಾಸನಸಭೆ ಹಾಗೆಂದು ನಿರ್ಣಯವನ್ನೇ ಮಾಡಿತು. ಹಂಡೆಯ ಮಾತು ನಿಲ್ಲುವುದು ಕಷ್ಟವೇ. 1879ರಲ್ಲಿ ಅಚ್ಚಾದ ‘ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯಾ’ ಎಂಬ ಅಡುಗೆ ಪುಸ್ತಕದಲ್ಲಿ ಆಗಲೇ ಬ್ರನ್ಸ್‌ವಿಕ್ ಸ್ಟ್ಯೂ ಮಾಡುವ ವಿಧಾನ ಇದೆ.

ಸ್ಟ್ಯೂ ಎಂದರೆ ನಮ್ಮಲ್ಲಿ ಹಲವರಿಗೆ ತೆಂಗಿನಹಾಲು ಹಾಕಿ ಅಪ್ಪದ ಜೊತೆ ಬಡಿಸುವ ಕೇರಳದ ಬಿಳಿ ಸಾರು ನೆನಪಾಗಬಹುದು. ಇದು ಅದಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳ ಈ ಅಡುಗೆ ಕೆಂಪಗೆ, ಮಂದವಾಗಿ ಇರುತ್ತದೆ. ಕೋಳಿ ಅಥವಾ ಬೇರೆ ಮಾಂಸ, ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಬೀನ್ಸ್ ಕಾಳು, ಮೆಕ್ಕೆಜೋಳ, ಎಲ್ಲ ಒಂದೇ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೆಂದು, ಯಾವುದು ಮಾಂಸ ಯಾವುದು ತರಕಾರಿ ಎಂದು ಬೇರ್ಪಡಿಸಲಾಗದ ಹದಕ್ಕೆ ಬಂದಾಗ ಒಲೆಯಿಂದ ಇಳಿಯುತ್ತದೆ. ಮಾಂಸ ಇಂಥದ್ದೇ ಆಗಬೇಕೆಂಬ ಹಟ ಇಲ್ಲ, ತರಕಾರಿಯಲ್ಲೂ ಹೆಚ್ಚುಕಡಿಮೆ ನಡೆಯುತ್ತದೆ. ರಾಜಿ ಇಲ್ಲದಿರುವುದು ಆ ಹದದಲ್ಲಿ ಮಾತ್ರ. ನೀರಾಗಿ ಉಳಿದರೆ ಅದನ್ನು ಸೂಪ್ ಎನ್ನುತ್ತಾರೆ, ಅದೂ ಸ್ವಲ್ಪ ತಿರಸ್ಕಾರದಿಂದ.

ವರ್ಜೀನಿಯಾದವರು ಹೇಳುವ ಕಥೆ ಹೀಗಿದೆ. ಅಲ್ಲಿನ ಶಾಸನಸಭೆಯ ಸದಸ್ಯನಾಗಿದ್ದ ಡಾಕ್ಟರ್ ಕ್ರೀಡ್ ಹ್ಯಾಸ್ಕಿನ್ಸ್ ಎಂಬಾತ ಗೆಳೆಯರ ಜೊತೆ ನಾಟೊವೇ ನದಿಯ ಬದಿಗೆ ಬೇಟೆಗೆ ಹೋದ. ಬಿಡಾರದಲ್ಲಿ ಉಳಿದವನು ಅಡುಗೆಯ ಜಿಮ್ಮಿ ಮ್ಯಾಥ್ಯೂಸ್. ಅವನು ಕೈಗೆ ಸಿಕ್ಕ ಅಳಿಲುಗಳನ್ನು ಹೊಡೆದು, ಬೆಣ್ಣೆ, ಈರುಳ್ಳಿ, ಒಣಗಿದ ಬ್ರೆಡ್ಡಿನ ತುಂಡು, ಒಂದಿಷ್ಟು ಖಾರ ಸೇರಿಸಿ ಬೇಯಿಸಲಿಟ್ಟ. ಬೇಟೆಯವರು ಮೊದಲು ಮೂಗು ಮುರಿದು, ಆಮೇಲೆ ಇನ್ನಷ್ಟು ಬಡಿಸು ಎಂದರಂತೆ. ಎರಡು ಬ್ರನ್ಸ್‌ವಿಕ್‌ಗಳ ಈ ಜಗಳದಲ್ಲಿ ಊರಿನ ಹೆಸರು ಎಷ್ಟೋ ಸಲ ಕೇಳಿಬರುತ್ತದೆ, ಸೌಟು ಹಿಡಿದವನ ಹೆಸರು ಅಷ್ಟಾಗಿ ಕೇಳಿಸುವುದಿಲ್ಲ. ಮ್ಯಾಥ್ಯೂಸ್ ಕಪ್ಪು ಜನಾಂಗದವನು. ಗುಲಾಮಗಿರಿ ಇನ್ನೂ ಕಾನೂನಾಗಿದ್ದ ಕಾಲ ಅದು, ಅಲ್ಲಿ ಅದು ಕೊನೆಗೊಂಡದ್ದು 1865ರಲ್ಲಿ. ದಕ್ಷಿಣದ ದೊಡ್ಡ ಮನೆಗಳ ಅಡುಗೆಮನೆಯಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಇಂಥವರೇ. ಗಂಟೆಗಟ್ಟಲೆ ಒಲೆಯ ಮುಂದೆ ನಿಂತು ಕಲಕಬೇಕಾದ ಅಡುಗೆಯೊಂದು ಅವರ ಕೈಯಲ್ಲಿ ರೂಪುಗೊಂಡಿದ್ದರೆ ಅಚ್ಚರಿಯೇನಿಲ್ಲ.

ಆ ಕಥೆಯಲ್ಲಿ ಟೊಮೆಟೊ ಇಲ್ಲ, ಜೋಳ ಇಲ್ಲ, ಕಾಳೂ ಇಲ್ಲ ಎನ್ನುವುದನ್ನು ಗಮನಿಸಬೇಕು. ಅವೆಲ್ಲ ಆಮೇಲೆ ಬಂದು ಸೇರಿದವು. ಹಾಗೆಂದು ಅವು ಹೊಸಬರೂ ಅಲ್ಲ. ಬಿಳಿಯರು ಆ ನೆಲಕ್ಕೆ ಕಾಲಿಡುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಜೋಳ ಮತ್ತು ಬೀನ್ಸನ್ನು ಬೇಟೆಯ ಮಾಂಸದ ಜೊತೆ ಬೇಯಿಸುತ್ತಿದ್ದರು. ಆಲೂಗಡ್ಡೆ, ಟೊಮೆಟೊಗಳದು ಸುತ್ತುಬಳಸಿನ ದಾರಿ: ಅಮೆರಿಕ ಖಂಡದಲ್ಲೇ ಹುಟ್ಟಿ, ಯುರೋಪಿಗೆ ಹೋಗಿ ತಿರುಗಿ ಬಂದವು. ಇತ್ತ ಅಳಿಲು ಮೆಲ್ಲಗೆ ಜಾಗ ಖಾಲಿ ಮಾಡಿತು, ಕೋಳಿ ಬಂತು. ಹೀಗೆ ಒಂದೊಂದಾಗಿ ಎಲ್ಲವೂ ಬದಲಾದ ಮೇಲೂ ಅದೇ ಹೆಸರು ಉಳಿದಿದ್ದರೆ, ಅದಕ್ಕೆ ಕಾರಣ ಮೇಲೆ ಹೇಳಿದ ಹದ.

ಈಗ ವರ್ಜೀನಿಯಾದಲ್ಲಿ ಕೋಳಿ, ಬೆಣ್ಣೆ, ಕರಿಮೆಣಸು, ಒಣಮೆಣಸಿನಪುಡಿ ಇಷ್ಟೇ; ರುಚಿ ಸೌಮ್ಯ. ಜಾರ್ಜಿಯಾದಲ್ಲಿ ಬಾರ್ಬೆಕ್ಯೂ ಅಂಗಡಿಗಳ ಜೊತೆ ಇದರ ನಂಟು. ಹೊಗೆಯಲ್ಲಿ ಬೆಂದ ಹಂದಿಮಾಂಸದ ಎಳೆಗಳು, ಕೆಲವೊಮ್ಮೆ ದನದ ಮಾಂಸ, ವಿನೆಗರ್ ಬೆರೆತ ಸಾಸ್ ಎಲ್ಲ ಸೇರಿ ಹುಳಿಖಾರ ಜೋರು. ಅಟ್ಲಾಂಟಾ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ತಟ್ಟೆಯ ಮೂಲೆಯ ಪುಟ್ಟ ಬಟ್ಟಲಲ್ಲಿ ಇದನ್ನು ನೋಡಿರುತ್ತಾರೆ. ಕೆಲವು ಬಗೆಯ ಮಾಂಸವನ್ನು ತಿನ್ನದವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು, ಬೆಂದ ಮೇಲೆ ನೋಡಿ ಗುರುತಿಸಲು ಆಗುವುದಿಲ್ಲ. ಕೆಂಟಕಿ ರಾಜ್ಯದಲ್ಲಿ ಇದರ ದಾಯಾದಿ ‘ಬರ್ಗೂ’ ಇದೆ. ಅಲ್ಲಿನ ಓವೆನ್ಸ್‌ಬರೋ ಊರಿನವರು ಅದಕ್ಕೆ ಕುರಿಮಾಂಸ ಹಾಕುತ್ತಾರೆ. ನಮ್ಮ ನಾಲಿಗೆಗೆ ಅದೇ ಹೆಚ್ಚು ಹಿಡಿಸೀತು ಎಂದು ನನ್ನ ಗುಮಾನಿ.

ವರ್ಜೀನಿಯಾದ ಬ್ರನ್ಸ್‌ವಿಕ್ ಕೌಂಟಿಯಲ್ಲಿ ಇದು ಮನೆಯಡುಗೆ ಎನ್ನುವುದಕ್ಕಿಂತ ಊರಡುಗೆ. ಚರ್ಚಿನ ಚಾವಣಿ ರಿಪೇರಿಯಾಗಬೇಕೆ, ಸ್ವಯಂಸೇವಕರ ಅಗ್ನಿಶಾಮಕ ದಳಕ್ಕೆ ಸಾಮಾನು ಬೇಕೆ, ಸ್ಟ್ಯೂ ಬೇಯಿಸಿ ಮಾರಿ ಹಣ ಕೂಡಿಸುವುದು ಅಲ್ಲಿನ ರೂಢಿ. ಮುಖ್ಯ ಬಾಣಸಿಗನಿಗೆ ಸ್ಟ್ಯೂಮಾಸ್ಟರ್ ಎಂದು ಹೆಸರು. ಬೆಳಕು ಹರಿಯುವ ಮುನ್ನವೇ ಅವನ ತಂಡ ಒಲೆ ಹಚ್ಚುತ್ತದೆ, ಕೊಪ್ಪರಿಗೆಯ ಸುತ್ತ ಪಾಳಿಯ ಮೇಲೆ ನಿಂತು ಮಧ್ಯಾಹ್ನದವರೆಗೆ ಕಲಕುತ್ತದೆ. ಕಲಕಲು ದೋಣಿಯ ಹುಟ್ಟಿನಂಥ ಉದ್ದನೆಯ ಮರದ ಕೋಲು. ಕೊನೆಕೊನೆಗೆ ರಟ್ಟೆ ಬೀಳುವಷ್ಟು ಬಿಗಿಯಾಗುತ್ತದೆ. ರಾಗಿಮುದ್ದೆ ತಿರುವುವಾಗ ಕೋಲಿಗೆ ಹಿಟ್ಟು ಎದುರು ನಿಲ್ಲುತ್ತದಲ್ಲ, ಹಾಗೆ. ಹುಟ್ಟನ್ನು ಪಾತ್ರೆಯ ನಡುವೆ ಊರಿ ಕೈಬಿಟ್ಟಾಗ ಅದು ಬೀಳದೆ ನಿಂತರೆ ಸ್ಟ್ಯೂ ಆಯಿತೆಂದು ಅರ್ಥ. ಗಡಿಯಾರ, ಥರ್ಮಾಮೀಟರ್ ಎರಡಕ್ಕೂ ಅಲ್ಲಿ ಕೊನೆಯ ಮಾತಿಲ್ಲ. ಬಳಿಕ ಕ್ವಾರ್ಟ್ ಲೆಕ್ಕದಲ್ಲಿ, ಎಂದರೆ ಲೀಟರಿಗೆ ತುಸು ಕಡಿಮೆಯ ಅಳತೆಯ ಡಬ್ಬಗಳಲ್ಲಿ ಮಾರಾಟ. ಅಕ್ಟೋಬರ್‌ನಲ್ಲಿ ಕೌಂಟಿಯ ಹಬ್ಬದಲ್ಲಿ ತಂಡಗಳ ನಡುವೆ ಪೈಪೋಟಿಯೂ ಉಂಟು.

ಮನೆಯಲ್ಲಿ ಇದನ್ನು ಮಾಡಲು ಕೊಪ್ಪರಿಗೆಯೂ ಬೇಡ, ತಂಡವೂ ಬೇಡ. ದಪ್ಪ ತಳದ, ಆರೇಳು ಲೀಟರ್ ಹಿಡಿಯುವ ಅಗಲ ಬಾಯಿಯ ಪಾತ್ರೆ ಒಂದು, ಅಡಿಯನ್ನು ಚೆನ್ನಾಗಿ ಕೆರೆಯುವಂಥ ಚಪ್ಪಟೆ ತುದಿಯ ಮರದ ಸೌಟು ಒಂದು, ಮತ್ತು ಭಾನುವಾರದ ಬೆಳಗಿನ ಮೂರು-ನಾಲ್ಕು ಗಂಟೆ ಸಾಕು. ಏಳೆಂಟು ಮಂದಿಗೆ ಮೂಳೆಸಮೇತ ಕೋಳಿ ಒಂದೂವರೆ ಕೆಜಿ, ಆಲೂಗಡ್ಡೆ ಅರ್ಧ ಕೆಜಿ, ದೊಡ್ಡ ಈರುಳ್ಳಿ ಮೂರು, ಹಣ್ಣಾದ ಟೊಮೆಟೊ ಮುಕ್ಕಾಲು ಕೆಜಿ, ಕಾಳು ಕಾಲು ಕೆಜಿ, ಸಿಹಿಜೋಳದ ತೆನೆ ನಾಲ್ಕು, ಬೆಣ್ಣೆ 60 ಗ್ರಾಂ. ಉಪ್ಪು, ಕುಟ್ಟಿದ ಕರಿಮೆಣಸು, ಒಣಮೆಣಸಿನ ಚೂರು, ಒಂದು ಚಮಚ ಸಕ್ಕರೆ.

ಕಾಳಿನ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಅಮೆರಿಕದ ದಕ್ಷಿಣದವರು ಬಟರ್ ಬೀನ್ಸ್ ಎಂದು ಹಾಕುವುದು ಲೈಮಾ ಬೀನ್ಸನ್ನು, ನಮ್ಮ ಮಾರುಕಟ್ಟೆಯಲ್ಲಿ ಡಬಲ್ ಬೀನ್ಸ್ ಎಂದು ಸುಲಿದು ಮಾರುವುದೂ ಅದೇ ಜಾತಿ. ಒಣಕಾಳಾದರೆ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಚೆನ್ನಾಗಿ ಕುದಿಸಿ ಬೇಯಿಸಬೇಕು. ಹಸಿಯಾಗಿ ಅಥವಾ ಅರೆಬೆಂದಂತೆ ಇದನ್ನು ತಿನ್ನಬಾರದು. ಹಸಿ ಕಾಳಿನಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ, ಸರಿಯಾಗಿ ಬೇಯಿಸಿದರೆ ಅಪಾಯವಿಲ್ಲ. ಡಬಲ್ ಬೀನ್ಸ್ ಸಿಗದಿದ್ದರೆ ಅವರೆಕಾಳು ಹಾಕಬಹುದು. ಜಾತಿ ಬೇರೆ, ರುಚಿಯೂ ಬೇರೆ, ಆದರೂ ಸೊಗಡಿನ ದಿನಗಳಲ್ಲಿ ಅದರ ಘಮ ಈ ಸ್ಟ್ಯೂಗೆ ಅನ್ಯಾಯವೇನೂ ಮಾಡುವುದಿಲ್ಲ.

ಮೊದಲು ಕೋಳಿಯನ್ನು ಎರಡು ಲೀಟರ್ ನೀರು, ಉಪ್ಪು, ಒಂದು ಈರುಳ್ಳಿಯೊಡನೆ ಸಣ್ಣ ಉರಿಯಲ್ಲಿ ಇಡಿ. ಫಾರಂ ಕೋಳಿ ಮುಕ್ಕಾಲು ಗಂಟೆಯಲ್ಲಿ ಬೆಂದುಬಿಡುತ್ತದೆ. ನಾಟಿ ಕೋಳಿಗೆ ಎರಡು ಗಂಟೆಯಾದರೂ ಬೇಕು, ಆದರೆ ಅದರ ರಸಕ್ಕೆ ಬರುವ ಕಸುವೇ ಬೇರೆ. ಮೊಟ್ಟೆ ಇಡುವುದು ನಿಲ್ಲಿಸಿದ ಮುದಿ ಹೇಂಟೆಯೇ ಇದಕ್ಕೆ ಸರಿ ಎಂಬುದು ಹಳಬರ ಮಾತು. ಕಾರಣವೂ ಇದೆ: ವಯಸ್ಸಾದ ಕೋಳಿಯ ಗಡುಸು ನಾರು, ಕೀಲುಗಳಲ್ಲಿರುವ ಕೊಲಾಜೆನ್ ನಿಧಾನ ಉರಿಯಲ್ಲಿ ಕರಗಿ ಜೆಲಟಿನ್ ಆಗುತ್ತದೆ, ತುಟಿಗೆ ಅಂಟುವ ಮಂದ ಅಲ್ಲಿಂದಲೇ ಬರುತ್ತದೆ. ಬೆಂದ ಕೋಳಿಯನ್ನು ಹೊರತೆಗೆದು, ಆರಿದ ಮೇಲೆ ಕೈಯಿಂದ ಎಳೆ ಎಳೆಯಾಗಿ ಬಿಡಿಸಿ. ಇಲ್ಲಿ ಅವಸರ ಬೇಡ. ಪಕ್ಕೆಲುಬಿನ, ಕತ್ತಿನ ಸೂಜಿಮೂಳೆಗಳು ಒಂದೂ ಉಳಿಯಬಾರದು. ಗಟ್ಟಿ ಸ್ಟ್ಯೂನಲ್ಲಿ ಅವು ಕಣ್ಣಿಗೆ ಕಾಣುವುದಿಲ್ಲ, ನೇರ ಗಂಟಲಿಗೆ ಸಿಗುತ್ತವೆ. ರಸವನ್ನು ಸೋಸಿಕೊಳ್ಳಿ.

ಇನ್ನು ತರಕಾರಿಯ ಸರದಿ. ಈ ಅಡುಗೆ ಗೆಲ್ಲುವುದು ಸೋಲುವುದು ಎರಡೂ ಇಲ್ಲೇ. ಸೋಸಿದ ರಸಕ್ಕೆ ಮೊದಲು ಉಳಿದ ಈರುಳ್ಳಿ, ಆಲೂಗಡ್ಡೆ, ಕಾಳು. ಇವು ಮೂರೂ ಪೂರ್ತಿ ಮೆತ್ತಗಾಗುವ ತನಕ ಟೊಮೆಟೊವನ್ನು ಪಾತ್ರೆಯ ಹತ್ತಿರ ತರಬೇಡಿ. ಹುಳಿ ಬಿದ್ದ ಮೇಲೆ ಕಾಳಿನ ಸಿಪ್ಪೆ, ಆಲೂಗಡ್ಡೆಯ ಅಂಚು ಎರಡೂ ಮೆತ್ತಗಾಗಲು ಹಟ ಹಿಡಿಯುತ್ತವೆ. ಸಾರಿಗೆ ಬೇಗ ಹುಣಸೆಹುಳಿ ಹಾಕಿ ತರಕಾರಿ ಬೇಯದೆ ಉಳಿದದ್ದನ್ನು ಕಂಡವರಿಗೆ ಇದು ಹೊಸದಲ್ಲ. ಆಲೂಗಡ್ಡೆಯಲ್ಲಿ ಅರ್ಧಪಾಲು ಒಡೆದು ರಸದಲ್ಲಿ ಕರಗಬೇಕು. ಆ ಪಿಷ್ಟವೇ ಇಲ್ಲಿ ಗಟ್ಟಿತನಕ್ಕೆ ಆಧಾರ. ಮೈದಾ, ಕಾರ್ನ್‌ಫ್ಲೋರ್ ಯಾವುದನ್ನೂ ಹಾಕಬಾರದು. ಆಮೇಲೆ ಹೆಚ್ಚಿದ ಟೊಮೆಟೊ, ಸಕ್ಕರೆ, ಖಾರ, ಬಿಡಿಸಿಟ್ಟ ಕೋಳಿ. ಮುಚ್ಚಳ ತೆಗೆದೇ ಇಡಿ. ಕಾಳು ಬೇಯಿಸಲು ಕುಕ್ಕರ್ ಬಳಸಿದರೆ ತಪ್ಪಿಲ್ಲ, ಆದರೆ ಹಬೆ ಹೊರಹೋಗದೆ ಈ ಹದ ಬರುವುದಿಲ್ಲ, ಹಾಗಾಗಿ ಕೊನೆಯ ಒಂದು ಗಂಟೆ ತೆರೆದ ಪಾತ್ರೆಯೇ ಗತಿ.

ಜೋಳ ಎಲ್ಲಕ್ಕಿಂತ ಕೊನೆಗೆ. ತೆನೆಯನ್ನು ನೆಟ್ಟಗೆ ನಿಲ್ಲಿಸಿ ಚಾಕುವಿನಿಂದ ಕಾಳಿನ ಮೇಲರ್ಧವನ್ನು ಮಾತ್ರ ಸವರಿ, ಬಳಿಕ ಚಾಕುವಿನ ಬೆನ್ನಿನಿಂದ ದಿಂಡನ್ನು ಒತ್ತಿ ಕೆರೆದರೆ ಬಿಳಿಯ ಹಾಲು ಇಳಿಯುತ್ತದೆ. ಅದನ್ನೂ ಬಿಡದೆ ಹಾಕಿ. ಜೋಳದ ಸಕ್ಕರೆ, ಪಿಷ್ಟ ಎರಡೂ ತಳಕ್ಕಿಳಿದು ಬೇಗ ಸೀಯುವುದರಿಂದಲೇ ಸ್ಟ್ಯೂಮಾಸ್ಟರುಗಳು ಇದನ್ನು ಕೊನೆಗೆ ಉಳಿಸಿಕೊಳ್ಳುವುದು. ಜೋಳ ಬಿದ್ದ ಮೇಲಿನ ಅರ್ಧ ಗಂಟೆ ಒಲೆ ಬಿಟ್ಟು ಕದಲುವಂತಿಲ್ಲ. ಅಡಿಯನ್ನು ಮುಟ್ಟಿ ಕೆರೆಯುತ್ತ, ಮೂಲೆಗಳನ್ನು ಬಿಡದೆ ಕಲಕಬೇಕು. ಗೊಳಗೊಳ ಕುದಿಯುತ್ತಿದ್ದದ್ದು ಈಗ ಅಲ್ಲೊಂದು ಇಲ್ಲೊಂದು ಗುಳ್ಳೆಯೆದ್ದು ‘ಬುಳುಕ್’ ಎಂದು ಒಡೆಯುತ್ತದೆ, ಸಿಡಿದರೆ ಕೈ ಸುಡುತ್ತದೆ. ಸೌಟಿನ ಹಿಡಿ ಉದ್ದವಿರಲಿ. ಸೌಟು ಎಳೆದ ದಾರಿ ಒಂದು ಕ್ಷಣ ಹಾಗೇ ನಿಂತು, ಆಮೇಲೆ ನಿಧಾನವಾಗಿ ಮುಚ್ಚಿಕೊಂಡರೆ ಬೆಣ್ಣೆ ಹಾಕಿ ಉರಿ ಆರಿಸಬಹುದು. ಮನೆಯ ಪಾತ್ರೆಯ ಆಳಕ್ಕೆ ಸೌಟು ನಿಲ್ಲದಿದ್ದರೂ ಚಿಂತೆಯಿಲ್ಲ.

ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಗರಂ ಮಸಾಲೆ, ಕೊತ್ತಂಬರಿಸೊಪ್ಪು ಹಾಕುವ ಆಸೆ ಆಗಿಯೇ ಆಗುತ್ತದೆ. ಹಾಕಿದರೆ ಒಳ್ಳೆಯ ಕೋಳಿಸಾರು ಸಿಗುತ್ತದೆ, ಸ್ಟ್ಯೂ ಸಿಗುವುದಿಲ್ಲ. ಕರಿಮೆಣಸಿನ ಕೈ ಮಾತ್ರ ಧಾರಾಳವಾಗಿರಲಿ. ಬೆಂಡೆಕಾಯಿ ಹಾಕಬೇಕೇ ಬೇಡವೇ ಎಂಬ ಬಗ್ಗೆ ಅಲ್ಲಿನವರಲ್ಲೇ ಒಮ್ಮತವಿಲ್ಲ. ನನ್ನ ಮಟ್ಟಿಗೆ ಬೇಡ. ಇಷ್ಟು ಮಂದ ಇರುವ ಕಡೆ ಲೋಳೆ ಯಾಕೆ?

ಜೊತೆಗೆ ಅವರು ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ತಿನ್ನುತ್ತಾರೆ, ಕೆಲವರಿಗೆ ಉಪ್ಪು ಬಿಸ್ಕತ್ತು ಸಾಕು. ಇಲ್ಲಿ ದಪ್ಪನೆಯ ಅಕ್ಕಿರೊಟ್ಟಿಯೂ ನಡೆಯುತ್ತದೆ. ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು. ಆರಿದ ಕೂಡಲೇ ಸಣ್ಣ ಡಬ್ಬಗಳಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು-ಮೂರು ದಿನ, ಫ್ರೀಜರಿನಲ್ಲಾದರೆ ಒಂದೆರಡು ತಿಂಗಳು ಇಡಬಹುದು. ಫ್ರಿಜ್ಜಿನಿಂದ ತೆಗೆದಾಗ ಕಲ್ಲಾಗಿರುತ್ತದೆ. ಅರ್ಧ ಲೋಟ ಬಿಸಿನೀರು ಬೆರೆಸಿ, ಸಣ್ಣ ಉರಿಯಲ್ಲಿ, ಕೈಬಿಡದೆ ಕಲಕುತ್ತ ಚೆನ್ನಾಗಿ ಕುದಿಸಬೇಕು. ಇಷ್ಟು ಎಚ್ಚರ ವಹಿಸಿಯೂ ತಳ ಹಿಡಿದ ವಾಸನೆ ಬಂತೋ, ಕೆರೆಯಲು ಹೋಗಬೇಡಿ. ಉರಿ ಆರಿಸಿ, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಸೀದ ಪಾತ್ರೆಗೆ ನೀರು ತುಂಬಿ ಬದಿಗಿಡಿ, ಊಟವಾದ ಮೇಲೆ ಉಜ್ಜಿದರಾಯಿತು.