ರಿಫಂಡ್ ಬಂತು, ಹುಳ ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕಂಪನಿ ಬಸ್ಸಿನಲ್ಲಿ ಓದ್ಕೋತೀವಿ ಅನ್ನೋರಿಗಾಗಿ. ವಿಡಿಯೋದಲ್ಲಿ ತಡವರಿಸಿದ ಒಂದೆರಡು ಕಡೆ ಸರಿ ಮಾಡಿದ್ದೀನಿ. ಊಟ ಮಾಡ್ತಾ ಓದ್ತಿದ್ರೆ ದಯವಿಟ್ಟು ಊಟ ಮುಗಿಸಿ ಬನ್ನಿ.

ನನ್ನದೇ ಒಂದು ಪೆದ್ದುತನದಿಂದ ಶುರು ಮಾಡ್ತೀನಿ. ರಿಲೀಸ್ ಇದ್ದ ಒಂದು ರಾತ್ರಿ ಹಿಂಜವಡಿಯ ಆಫೀಸಿನಲ್ಲೇ ಕೂತು ಆ್ಯಪ್‌ನಲ್ಲಿ ಜೀರಾ ರೈಸು, ದಾಲ್ ತರಿಸಿದ್ದೆ. ಮೂರನೇ ತುತ್ತಿಗೆ ನಾಲಿಗೆಗೆ ಏನೋ ಚುಚ್ಚಿತು. ತೆಗೆದು ನೋಡಿದ್ರೆ ಪಾತ್ರೆ ಉಜ್ಜೋ ಸ್ಟೀಲ್ ಸ್ಕ್ರಬ್ಬರ್‌ನ ಎಳೆ, ಸುರುಳಿ ಸುತ್ತಿಕೊಂಡಿತ್ತು. ಫೋಟೋ ಹಾಕಿದೆ, ಚಾಟ್‌ನಲ್ಲಿ ನಾಲ್ಕು ಸಾಲು ಕ್ಷಮೆ ಬಂತು, ಐದು ನಿಮಿಷದಲ್ಲಿ ಪೂರ್ತಿ ರಿಫಂಡ್. ಡಬ್ಬ ಸಮೇತ ಕಸದ ಬುಟ್ಟಿಗೆ ಹಾಕಿ ಬಾಳೆಹಣ್ಣು ತಿಂದು ಮಲಗಿದೆ. ಮರುದಿನ ಟೀಮಿನ ಧಾರವಾಡದ ಗೆಳೆಯನಿಗೆ ಹೇಳಿದ್ರೆ, "ನನಗೂ ಹೋದ ವಾರ ಅಲ್ಲೇ ಹಂಗ ಸಿಕ್ಕಿತ್ತಲೇ, ನಾನೂ ರಿಫಂಡ್ ತಗೊಂಡೆ" ಅಂದ. ಇಬ್ಬರು ಇಂಜಿನಿಯರ್‌ಗಳು, ಇಬ್ಬರೂ ದಿನಾ ಬೇರೆಯವರ ಬಗ್ ರಿಪೋರ್ಟ್ ಓದೋರು. ಟಿಕೆಟ್ ಎರಡೂ ಕ್ಲೋಸ್, ಬಗ್ ಹಾಗೇ ಪ್ರೊಡಕ್ಷನ್‌ನಲ್ಲಿದೆ. ಮುಂದಿನ ವಾರ ಆ ಎಳೆ ಯಾರ ಮಗುವಿನ ಗಂಟಲಿಗೆ ಹೋಗುತ್ತೋ ಗೊತ್ತಿಲ್ಲ.

ಈಗ ನಮ್ಮ ಜಿಲ್ಲೆಯದೇ ಇನ್ನೊಂದು ಕಥೆ. ಇದು ನಿಮಗೆಲ್ಲ ಮೀಮ್ ರೂಪದಲ್ಲಿ ಗೊತ್ತು. 2024ರ ಜೂನ್‌ನಲ್ಲಿ ಮುಂಬೈಯ ಮಲಾಡ್‌ನಲ್ಲಿ ಒಬ್ಬ ಯುವ ವೈದ್ಯರು ಆನ್‌ಲೈನ್‌ನಲ್ಲಿ ತರಿಸಿದ ಬಟರ್‌ಸ್ಕಾಚ್ ಕೋನ್ ತಿಂತಾ ಇದ್ದಾಗ ಬಾಯಿಗೆ ಗಟ್ಟಿಯಾದದ್ದೊಂದು ಸಿಕ್ಕಿತು. ಮೊದಲು ಬೀಜದ ಚೂರು ಇರಬೇಕು ಅಂದುಕೊಂಡರು. ಡಾಕ್ಟರು ಆದ್ದರಿಂದ ಉಗುರು ನೋಡಿದ ಕೂಡಲೇ ಗೊತ್ತಾಯ್ತು, ಅದು ಮನುಷ್ಯನ ಬೆರಳಿನ ತುದಿ. ಅವರು ಅದನ್ನ ಎಸೆಯಲಿಲ್ಲ. ಐಸ್ ಜೊತೆ ಚೀಲದಲ್ಲಿಟ್ಟುಕೊಂಡು ಪೊಲೀಸ್ ಠಾಣೆಗೆ ಹೋದರು.

ಆಮೇಲಿನದ್ದು ಪಕ್ಕಾ ಡೀಬಗ್ಗಿಂಗ್. ಕೋನ್‌ ಮೇಲಿನ ಬ್ರ್ಯಾಂಡ್ ಒಬ್ಬರದು, ತಯಾರಿಸಿದವರು ಇನ್ನೊಬ್ಬರು, ಅಂದ್ರೆ ಥರ್ಡ್ ಪಾರ್ಟಿ. ಜಾಡು ಹಿಡಿದು ಹೋದ್ರೆ ಸಿಕ್ಕಿದ್ದು ಪುಣೆ ಜಿಲ್ಲೆಯ ಇಂದಾಪುರದ ಕಾರ್ಖಾನೆ. ವಿಜಯಪುರ, ಕಲಬುರಗಿ ಕಡೆಯವರು ಹಬ್ಬಕ್ಕೆ ಬಸ್ಸಿನಲ್ಲಿ ಹೋಗುವಾಗ ಸೋಲಾಪುರ ರಸ್ತೆಯಲ್ಲಿ ಸಿಗುತ್ತಲ್ಲ, ಅದೇ ಇಂದಾಪುರ. ಪ್ಯಾಕ್ ಆದ ದಿನ ಮೇ 11. ಅದೇ ದಿನ ಅಲ್ಲಿನ ಒಬ್ಬ ಯುವ ಕೆಲಸಗಾರನ ಬೆರಳು ಯಂತ್ರಕ್ಕೆ ಸಿಕ್ಕಿ ಗಾಯವಾಗಿತ್ತು. ಜೂನ್ ಕೊನೆಗೆ ಬಂದ ಡಿಎನ್‌ಎ ವರದಿ ಎರಡನ್ನೂ ಹೊಂದಿಸಿತು. ಅದಕ್ಕೂ ಮುಂಚೆಯೇ ಎಫ್‌ಎಸ್‌ಎಸ್‌ಎಐ ಕಾರ್ಖಾನೆಯ ಲೈಸೆನ್ಸ್ ಅಮಾನತು ಮಾಡಿತ್ತು.

ಇಲ್ಲಿ ನನಗೆ ಕಾಡೋದು ಬೇರೆ ವಿಷಯ. ನಾವೆಲ್ಲ "ಅಯ್ಯೋ, ಆ ಡಾಕ್ಟರ್ ಪಾಡೇನು" ಅಂದ್ವಿ, ಫಾರ್ವರ್ಡ್ ಮಾಡಿದ್ವಿ. ಬೆರಳು ಹೋದ ಹುಡುಗನ ಪಾಡೇನು ಅಂತ ನಮ್ಮ ಯಾವ ಗ್ರೂಪಿನಲ್ಲೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಷ್ಟಕ್ಕೂ ಇದು ಆಹಾರದ ಸುದ್ದಿ ಆಗೋಕೆ ಮುಂಚೆ ಯಂತ್ರದ ಸುರಕ್ಷತೆಯ ಸುದ್ದಿ. ಕಾರ್ಖಾನೆಯಲ್ಲಿ ಒಬ್ಬನಿಗೆ ರಕ್ತ ಬರೋ ಗಾಯ ಆದ್ರೆ ಲೈನ್ ನಿಲ್ಲಿಸಬೇಕು, ಆ ಹೊತ್ತಿನ ಮಾಲನ್ನ ಬೇರೆ ಇಡಬೇಕು, ತುಂಡು ಸಿಗೋವರೆಗೆ ಹುಡುಕಬೇಕು. ಹಾಗಾಗಿದ್ದಿದ್ರೆ ಮೇ 11ರ ಕೋನ್ ಮುಂಬೈ ತಲುಪ್ತಾನೇ ಇರಲಿಲ್ಲ.

"ಮೆಟಲ್ ಡಿಟೆಕ್ಟರ್ ಇರಲ್ವಾ?" ಅಂತ ಕೇಳ್ತೀರಿ. ದೊಡ್ಡ ಕಾರ್ಖಾನೆಗಳಲ್ಲಿ ಇರುತ್ತೆ, ಆದರೆ ಅದು ಹೆಸರೇ ಹೇಳುವ ಹಾಗೆ ಲೋಹ ಹಿಡಿಯೋಕೆ. ಮಾಂಸ, ಕೂದಲು, ಹುಳ ಅದಕ್ಕೆ ಕಾಣಲ್ಲ. ಎಕ್ಸ್‌ರೇ ಯಂತ್ರ ಸಾಂದ್ರತೆಯ ವ್ಯತ್ಯಾಸ ನೋಡುತ್ತೆ. ಗಾಜು, ಕಲ್ಲು ಚೆನ್ನಾಗಿ ಹಿಡಿಯುತ್ತೆ, ಮೆತ್ತಗಿನ ಮಾಂಸದ ಚೂರಿಗೆ ಅದೂ ದುರ್ಬಲವೇ. ಅದಕ್ಕೇ ಒಂದು ಜಾಣ ಉಪಾಯ ಇದೆ. ಒಳ್ಳೆ ಆಹಾರ ಕಾರ್ಖಾನೆಗಳಲ್ಲಿ ಗಾಯಕ್ಕೆ ಹಚ್ಚೋ ಬ್ಯಾಂಡೇಜ್ ಪಟ್ಟಿ ನೀಲಿ ಬಣ್ಣದ್ದು. ನೀಲಿ ಬಣ್ಣದ ಆಹಾರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಕಣ್ಣಿಗೆ ಬೀಳುತ್ತೆ. ಅದರೊಳಗೆ ಲೋಹದ ಸಣ್ಣ ಪಟ್ಟಿಯೂ ಇರುತ್ತೆ, ಬಿದ್ದುಹೋದ್ರೆ ಡಿಟೆಕ್ಟರ್ ಕೂಗಲಿ ಅಂತ. ಎಷ್ಟು ಸರಳ ನೋಡಿ! ನಮ್ಮ ಲಾಗ್ ಮೆಸೇಜುಗಳು ಇಷ್ಟು ಯೋಚನೆ ಮಾಡಿ ಬರೆದಿದ್ರೆ ಎಷ್ಟು ರಾತ್ರಿಗಳು ಉಳೀತಿದ್ವು.

ಇಂದಾಪುರಕ್ಕಿಂತ ಹಳೇ ಕಥೆ ತಳೇಗಾಂವ್‌ದು. ಲೋಣಾವಳಕ್ಕೆ ಮಳೆಗಾಲದಲ್ಲಿ ಎಲ್ಲರೂ ಹೋಗ್ತೀರಲ್ಲ, ಅದೇ ದಾರಿ. 2003ರ ಅಕ್ಟೋಬರ್‌ನಲ್ಲಿ, ದೀಪಾವಳಿ ವ್ಯಾಪಾರದ ಹೊತ್ತಿಗೆ ಸರಿಯಾಗಿ, ಕ್ಯಾಡ್‌ಬರಿ ಡೈರಿ ಮಿಲ್ಕ್‌ನಲ್ಲಿ ಹುಳ ಸಿಕ್ಕಿದ ದೂರುಗಳು ಬಂದವು. ಮಹಾರಾಷ್ಟ್ರದ ಎಫ್‌ಡಿಎ ಇಲ್ಲಿನ ತಳೇಗಾಂವ್ ಕಾರ್ಖಾನೆಯ ಮಾಲನ್ನ ಜಪ್ತಿ ಮಾಡಿತು. ಕಂಪನಿ, "ನಮ್ಮಲ್ಲಿಂದ ಹೋಗುವಾಗ ಸರಿಯಾಗೇ ಇತ್ತು, ಅಂಗಡಿಯವರು ಇಟ್ಟ ರೀತಿ ಸರಿಯಿಲ್ಲ" ಅಂತು. ಎಫ್‌ಡಿಎ ಬೊಟ್ಟು ಮಾಡಿದ್ದು ಪ್ಯಾಕಿಂಗ್ ಕಡೆ. ನಮ್ಮ ಭಾಷೆಯಲ್ಲಿ "ನನ್ನ ಮಷೀನಿನಲ್ಲಿ ವರ್ಕ್ ಆಗ್ತಿದೆ" ಅನ್ನೋ ಜಗಳ ಇದು.

ಯಾರು ಸರಿ? ಕಂಪನಿ ಬಾಯಲ್ಲಿ ಹೇಳಿದ್ದಕ್ಕಿಂತ ಕೈಯಲ್ಲಿ ಮಾಡಿದ್ದನ್ನ ನೋಡಿ ಅಂತೀನಿ ನಾನು. ಮೊದಲು ಆ ಚಾಕೊಲೇಟು ಮಡಚಿದ ಬೆಳ್ಳಿ ಕಾಗದದಲ್ಲಿ ಬರ್ತಿತ್ತು, ಅದರ ಮೇಲೆ ಇನ್ನೊಂದು ಕಾಗದ. ನೆನಪಿದೆ ಅಲ್ವಾ, ಉಗುರಿನಿಂದ ಬಿಡಿಸಿ, ಹಾಳೆ ನೀವಿ ಪುಸ್ತಕದಲ್ಲಿ ಇಟ್ಕೋತಿದ್ವಿ. ಮಡಿಕೆಯ ಸಂದು ಹುಳಕ್ಕೆ ಬಾಗಿಲು. 2004ರಲ್ಲಿ ಅವರು ಎಲ್ಲಾ ಬದಿಯಿಂದಲೂ ಅಂಟಿಸಿ ಮುಚ್ಚಿದ ಹೊಸ ಪ್ಯಾಕಿಂಗ್ ತಂದರು, ಅಮಿತಾಭ್ ಬಚ್ಚನ್‌ರನ್ನ ಕರೆಸಿ ಜಾಹೀರಾತು ಮಾಡಿದರು. ಅಂಗಡಿಯವನದ್ದೂ ತಪ್ಪಿತ್ತು ಅಂತಲೇ ಇಟ್ಕೊಳ್ಳಿ. ಗೂಡಂಗಡಿಯ ಬಿಸಿಲು, ಪಕ್ಕದಲ್ಲೇ ಅಕ್ಕಿ ಮೂಟೆ, ಇದು ಇದ್ದೇ ಇರುತ್ತೆ ಅಂತ ಗೊತ್ತಿದ್ದೇ ಪ್ಯಾಕ್ ಮಾಡಬೇಕು. ಬಳಕೆದಾರ ತಪ್ಪು ಇನ್‌ಪುಟ್ ಕೊಡ್ತಾನೆ ಅಂತ ಗೊತ್ತಿದ್ದೂ ಚೆಕ್ ಹಾಕದೆ ಇದ್ರೆ ಆ ತಪ್ಪು ಯಾರದು?

ಹುಳದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಪ್ರತಿ ತಿಂಗಳು ನಮ್ಮ ಗ್ರೂಪಿನಲ್ಲಿ "ಸೀಲ್ ಒಡೆಯದ ಪ್ಯಾಕೆಟ್‌ನಲ್ಲಿ ಹುಳ ಹೇಗೆ ಬಂತು" ಅಂತ ಫೋಟೋ ಬರುತ್ತೆ. ಅಕ್ಕಿಯ ನುಸಿ ಇದೆಯಲ್ಲ, ಅದರ ಹೆಣ್ಣು ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ತೂತನ್ನ ಮುಚ್ಚಿಬಿಡುತ್ತೆ. ಹೊರಗಿಂದ ಕಾಳು ಚೊಕ್ಕ. ಅಂದ್ರೆ ಪ್ಯಾಕೆಟ್ ಮುಚ್ಚುವಾಗಲೇ ಅತಿಥಿ ಒಳಗಿದ್ದಾನೆ, ಸೆಕೆ ಬಂದಾಗ ಹೊರಗೆ ಬರ್ತಾನೆ. ಅಮ್ಮಂದಿರು ರವೆ ತಂದ ದಿನವೇ ಬೆಚ್ಚಗೆ ಹುರಿದು ಡಬ್ಬಕ್ಕೆ ಹಾಕೋದು ಇದಕ್ಕೇ, ಬಿಸಿಗೆ ಮೊಟ್ಟೆ ಸಾಯುತ್ತೆ. ವಾಕಡ್‌ನ ಫ್ಲ್ಯಾಟಿನಲ್ಲಿ ಹುರಿಯೋಕೆ ಬೇಜಾರಾದ್ರೆ ನಾಲ್ಕೈದು ದಿನ ಫ್ರೀಜರ್‌ನಲ್ಲಿಡಿ, ಅದೂ ನಡೆಯುತ್ತೆ. ಅಮೆರಿಕದ ಎಫ್‌ಡಿಎ ಅಂತೂ ಇದನ್ನ ಒಪ್ಪಿಕೊಂಡು ಅಂಕಿಯನ್ನೇ ಬರೆದಿಟ್ಟಿದೆ: ಚಾಕೊಲೇಟಿನಲ್ಲಿ 100 ಗ್ರಾಮಿಗೆ ಸರಾಸರಿ 60 ಅಥವಾ ಅದಕ್ಕಿಂತ ಹೆಚ್ಚು ಕೀಟದ ಚೂರುಗಳಿದ್ರೆ ದೋಷ. ಡಾಲರ್ ಕೊಟ್ಟು ಕೊಂಡ ಚಾಕೊಲೇಟು ಸ್ವಾಮಿ ಅದು.

ಇದುವರೆಗೆ ಹೇಳಿದ್ದು ಅಚಾತುರ್ಯ. ಬೇಕಂತಲೇ ಮಾಡಿದ್ದೂ ಇದೆ, ಅದೂ ನಮ್ಮ ಪಿಂಪ್ರಿ-ಚಿಂಚವಡದಲ್ಲೇ. 2024ರ ಮಾರ್ಚ್‌ನಲ್ಲಿ ಒಂದು ಆಟೋಮೊಬೈಲ್ ಕಂಪನಿಯ ಕ್ಯಾಂಟೀನಿಗೆ ಬಂದ ಸಮೋಸಾದಲ್ಲಿ ಕಾಂಡೋಮ್, ಗುಟ್ಕಾ, ಕಲ್ಲು ಸಿಕ್ಕಿತು. ಚಿಖಲಿ ಪೊಲೀಸರು ಐದು ಜನರ ಮೇಲೆ ಕೇಸ್ ಹಾಕಿದರು. ಪೊಲೀಸರು ಹೇಳಿದ ಪ್ರಕಾರ, ಈ ಹಿಂದೆ ಸಮೋಸಾದಲ್ಲಿ ಬ್ಯಾಂಡೇಜ್ ಸಿಕ್ಕಿ ಗುತ್ತಿಗೆ ಕಳಕೊಂಡವರು, ಹೊಸ ಗುತ್ತಿಗೆದಾರನ ಹೆಸರು ಕೆಡಿಸೋಕೆ ತಮ್ಮ ಹುಡುಗರನ್ನ ಅವನಲ್ಲಿ ಕೆಲಸಕ್ಕೆ ಸೇರಿಸಿದ್ದರು. ಕಂಪನಿ ಗುತ್ತಿಗೆ ಕೊಟ್ಟಿದ್ದು ಒಬ್ಬರಿಗೆ, ಅವರು ಒಳಗುತ್ತಿಗೆ ಕೊಟ್ಟಿದ್ದು ಇನ್ನೊಬ್ಬರಿಗೆ. ತಿನ್ನೋ ಕಾರ್ಮಿಕನಿಗೆ ಇದ್ಯಾವುದೂ ಗೊತ್ತಿಲ್ಲ.

ಆದರೆ ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಕಾಣದ್ದಕ್ಕೆ. ಬೆರಳು, ಹುಳ, ತಂತಿ ಇವೆಲ್ಲ ತಾವೇ ಕೈ ಎತ್ತಿ "ನಾನಿಲ್ಲಿದ್ದೀನಿ" ಅನ್ನುತ್ವೆ. ಬಣ್ಣ ಅನ್ನಲ್ಲ, ಅದು ಚೆಂದ ಕಾಣುತ್ತೆ. 2024ರಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಸ್ಯಾಂಪಲ್ ಪರೀಕ್ಷಿಸಿದ್ರೆ 107ರಲ್ಲಿ ಹಾಕಬಾರದ ಬಣ್ಣ ಇತ್ತು. ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ, ಅದರಲ್ಲಿ ರೋಡಮೈನ್-ಬಿ ಕೂಡ ಸಿಕ್ಕಿತು. ಅದು ಬಟ್ಟೆಗೆ ಹಾಕೋ ಬಣ್ಣ, ಯಾವ ಆಹಾರಕ್ಕೂ ಅನುಮತಿ ಇಲ್ಲ. ಗೋಬಿಯಲ್ಲಿ ಸಿಕ್ಕ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ ಹಾಗಲ್ಲ, ಐಸ್‌ಕ್ರೀಂ, ಬಿಸ್ಕತ್ತಿನಂಥ ಕೆಲವಕ್ಕೆ ಮಿತಿಯೊಳಗೆ ಅನುಮತಿ ಇದೆ. ಗೋಬಿಗೆ, ಕಬಾಬ್‌ಗೆ ಇಲ್ಲ. ಹಾಗಾಗಿ ಅಂಗಡಿಯವನು "ಸಾರ್, ಫುಡ್ ಕಲರ್‌ರೇ ಹಾಕಿರೋದು" ಅಂದ್ರೆ ಅವನು ಸುಳ್ಳು ಹೇಳ್ತಿಲ್ಲ, ಆದರೂ ಅದು ತಪ್ಪು. ಕೆಂಪು ಬೇಕಾದ್ರೆ ಬ್ಯಾಡಗಿ ಮೆಣಸಿನಕಾಯಿ ಇದೆಯಪ್ಪ, ಬೆಲೆ ಜಾಸ್ತಿ ಅಷ್ಟೆ.

2025ರ ಫೆಬ್ರವರಿಯಲ್ಲಿ ನಮ್ಮ ಇಡ್ಲಿಗೂ ಬಂತು ಸರದಿ. ಇಲಾಖೆ ಇನ್ನೂರೈವತ್ತರಷ್ಟು ಕಡೆ ನೋಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸ್ತಿದ್ದರು. ಆಮೇಲೆ ಸರ್ಕಾರ ಅದನ್ನ ನಿಷೇಧಿಸಿತು. ಇಲ್ಲಿ ಪುಣೆಯಲ್ಲಿ "ಉಡುಪಿ" ಅನ್ನೋ ಬೋರ್ಡ್ ನೋಡಿದ ಕೂಡಲೇ ಕಣ್ಣು ಮುಚ್ಚಿ ಒಳಗೆ ಹೋಗೋ ನಮ್ಮಂಥವರಿಗೆ ಈ ಸುದ್ದಿ ಬೆರಳಿನ ಸುದ್ದಿಗಿಂತ ಜಾಸ್ತಿ ನೋವು ಕೊಡ್ತು.

ಸರಿ, ಸಿಕ್ಕಾಗ ಏನು ಮಾಡಬೇಕು? ವಸ್ತುವನ್ನ ತೊಳೀಬೇಡಿ, ಎಸೀಬೇಡಿ. ಉಳಿದ ಊಟದ ಸಮೇತ ಮುಚ್ಚಿ ಫ್ರೀಜರ್‌ಗೆ. ಪ್ಯಾಕೆಟ್ ಆದ್ರೆ ಬ್ಯಾಚ್ ನಂಬರ್, ತಯಾರಿಸಿದ ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಕಾಣೋ ಹಾಗೆ ಫೋಟೋ. ಹೋಟೆಲ್ ಆದ್ರೆ ಬಿಲ್. 2022ರ ಜನವರಿಯಿಂದ ಬಿಲ್ ಮೇಲೂ ಆ 14 ಅಂಕಿ ಇರಲೇಬೇಕು. ಆ್ಯಪ್‌ಗಳಲ್ಲಿ ಇದು ಮುಖ್ಯ, ಒಂದೇ ಅಡುಗೆಮನೆ ಐದಾರು ಹೆಸರಲ್ಲಿ ಮಾರಾಟ ಮಾಡುತ್ತಿರಬಹುದು, ಹೆಸರು ನಂಬಿದ್ರೆ ಜಾಡು ತಪ್ಪುತ್ತೆ.

ಬ್ಯಾಚ್ ನಂಬರ್ ಮೇಲೆ ಯಾಕಿಷ್ಟು ಒತ್ತು ಅಂದ್ರೆ, ನೀವು ತೆರೆದ ಪ್ಯಾಕೆಟ್ಟನ್ನ "ಮನೆಯಲ್ಲೇ ಬಿದ್ದದ್ದು" ಅಂತ ಅವರು ವಾದಿಸಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೂ ಪರೀಕ್ಷೆ ಮಾಡಿಸಬಹುದು, ಆದರೆ ಕೊಳ್ಳುವಾಗಲೇ ಮಾರಿದವನಿಗೆ ಹಾಗಂತ ತಿಳಿಸಿರಬೇಕು. ಯಾರು ತಿಳಿಸ್ತಾರೆ, "ಅಣ್ಣಾ, ಒಂದು ಕೋನ್ ಕೊಡಿ, ಲ್ಯಾಬಿಗೆ ಕಳಿಸ್ತೀನಿ" ಅಂತ? ಹಾಗಾಗಿ ಅಧಿಕಾರಿಯೇ ಅದೇ ಬ್ಯಾಚಿನ ತೆರೆಯದ ಮಾಲನ್ನ ತೆಗೀಬೇಕು. ಅವರು ಸ್ಯಾಂಪಲ್ಲನ್ನ ನಾಲ್ಕು ಭಾಗ ಮಾಡ್ತಾರೆ, ಒಂದು ಲ್ಯಾಬಿಗೆ ಹೋಗುತ್ತೆ, 14 ದಿನದಲ್ಲಿ ವರದಿ ಬರಬೇಕು. ನೀವು ಕೊಡೋ ನಂಬರ್ ಇಲ್ಲದೆ ಅವರು ಯಾವ ಮಾಲನ್ನ ಹುಡುಕೋದು?

ದೂರನ್ನ ಪುಣೆಯಲ್ಲಿ ಎಫ್‌ಡಿಎಗೆ ಕೊಡಬಹುದು, ಎಫ್‌ಎಸ್‌ಎಸ್‌ಎಐನ ಆನ್‌ಲೈನ್ ದೂರಿನ ಪುಟದಲ್ಲೂ ಹಾಕಬಹುದು. ಗ್ರಾಹಕರ ಸಹಾಯವಾಣಿ 1915. ಹೊರಗಿನ ವಸ್ತು ಸಿಕ್ಕ ಆಹಾರಕ್ಕೆ ಕಾಯ್ದೆಯಲ್ಲಿ ಒಂದು ಲಕ್ಷದವರೆಗೆ ದಂಡ ಇದೆ. ಅದು ಸರ್ಕಾರಕ್ಕೆ ಹೋಗೋ ದುಡ್ಡು. ನಿಮಗೆ ಪರಿಹಾರ ಬೇಕಾದ್ರೆ ಗ್ರಾಹಕ ಆಯೋಗ. 2019ರ ಕಾಯ್ದೆ ನಮ್ಮಂಥ ವಲಸಿಗರಿಗೆ ಒಂದು ಅನುಕೂಲ ಮಾಡಿದೆ: ನೀವು ಇರೋ ಊರಲ್ಲಿ ಅಥವಾ ಕೆಲಸ ಮಾಡೋ ಊರಲ್ಲೇ ಕೇಸ್ ಹಾಕಬಹುದು, ಕಂಪನಿ ಎಲ್ಲಿದ್ದರೂ ಸರಿ. ಎರಡು ವರ್ಷದೊಳಗೆ ಹಾಕಬೇಕು. ಅಂಗಡಿಯಿಂದ ಕೊಂಡದ್ದಕ್ಕೆ ತಯಾರಕನನ್ನ ಹೊಣೆ ಮಾಡಬಹುದು ಅನ್ನೋ ವಿಚಾರವೇ ಶುರುವಾಗಿದ್ದು ಹೆಚ್ಚುಕಮ್ಮಿ ಇಂಥದ್ದೇ ಒಂದು ದೂರಿನಿಂದ. 1928ರಲ್ಲಿ ಸ್ಕಾಟ್‌ಲೆಂಡಿನ ಪೇಸ್ಲಿಯಲ್ಲಿ ಒಬ್ಬ ಹೆಂಗಸು, ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಬಸವನಹುಳು ಇತ್ತು ಅಂದಳು. 1932ರಲ್ಲಿ ತೀರ್ಪು ಬಂತು. ಅವಳು ದುಡ್ಡು ಕೊಟ್ಟಿರಲಿಲ್ಲ, ಆದರೂ ತಯಾರಕ ಜವಾಬ್ದಾರ ಅಂತ. ಆ ಬಸವನಹುಳು ನಿಜವಾಗಿ ಇತ್ತಾ ಅನ್ನೋದು ಮಾತ್ರ ಕೋರ್ಟಿನಲ್ಲಿ ಕೊನೆಗೂ ಸಾಬೀತಾಗಲಿಲ್ಲ.

ನಮ್ಮ ತಂತಿಯೂ ಸಾಬೀತಾಗೋದು ಕಷ್ಟ, ಕಸದ ಗಾಡಿ ಯಾವತ್ತೋ ತಗೊಂಡು ಹೋಗಿದೆ. ಆದರೆ ನನ್ನ ಫೋನಿನಲ್ಲಿ ಒಂದು ಫೋಟೋ ಇದೆ, ಧಾರವಾಡದ ಗೆಳೆಯನದ್ದು ಎರಡು. ಮೊನ್ನೆ ಶನಿವಾರ ಇಬ್ಬರೂ ಕೂತು ಆರ್ಡರ್ ಹಿಸ್ಟರಿಯಿಂದ ಹಳೇ ಬಿಲ್ ಇಳಿಸಿಕೊಂಡ್ವಿ. ಬೇರೆ ಬೇರೆ ಹೆಸರಿನ ಹೋಟೆಲ್ ಅಂದುಕೊಂಡು ನಾವು ತರಿಸ್ತಿದ್ದ ಇನ್ನೂ ಎರಡು ಕಡೆಯ ಬಿಲ್‌ನಲ್ಲೂ ಅದೇ 14 ಅಂಕಿ ಇತ್ತು. ದೂರು ಹಾಕಿದ್ದೀವಿ, ನಂಬರ್ ಬಂದಿದೆ. ಏನಾಯ್ತು ಅಂತ ಮುಂದಿನ ಎಪಿಸೋಡಿನಲ್ಲಿ ಹೇಳ್ತೀನಿ.