ಎಂಟಿಬಿ ಕೊಳ್ಳುವಾಗ ಚಕ್ರದ ಎತ್ತರವೋ, ಟೈರಿನ ಅಗಲವೋ?

ಶ್ರೀಗಂಧದ ಕಾವಲಿನಿಂದ ಸುಂಕದಕಟ್ಟೆಗೆ ಬಂದು ಮಾಗಡಿ ರಸ್ತೆ ಹಿಡಿದರೆ, ತಾವರೆಕೆರೆ ದಾಟಿದ ಮೇಲೆ ಮಂಚನಬೆಲೆ, ಸಾವನದುರ್ಗದ ಕಡೆಗೆ ಒಳದಾರಿಗಳು ಸಿಗುತ್ತವೆ. ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದು ಮಣ್ಣು, ನಡುನಡುವೆ ಬಂಡೆ. ಇಂಥ ದಾರಿಗೆಂದು ಎಂಟಿಬಿ (ಮೌಂಟನ್ ಬೈಕ್) ಕೊಳ್ಳಲು ಹೊರಟವರು ಮೊದಲು ತಲೆಕೆಡಿಸಿಕೊಳ್ಳುವುದು ಚಕ್ರದ ಬಗ್ಗೆ: 26 ಇಂಚೋ, 27.5ಓ, 29ಓ?

ಈ ಇಂಚುಗಳು ಟೈರೂ ಸೇರಿದ ಚಕ್ರದ ಅಂದಾಜು ಎತ್ತರ, ಅಷ್ಟೇ. ಖಚಿತವಾದ ಅಳತೆ ಟೈರಿನ ಪಕ್ಕದಲ್ಲಿ ಉಬ್ಬಕ್ಷರದಲ್ಲಿರುತ್ತದೆ. 54-622 ಎಂದಿದ್ದರೆ ಟೈರಿನ ಅಗಲ 54 ಮಿ.ಮೀ., ಅದು ಕೂರುವ ರಿಮ್ಮಿನ ವ್ಯಾಸ 622 ಮಿ.ಮೀ. ಇದು 29ರ ರಿಮ್ಮು. 27.5ರದ್ದು 584, 26ರದ್ದು 559. ನಮ್ಮ ಹಾಲಿನವರು, ಅಂಚೆಯವರು ತುಳಿದ ಕರಿ ಸೈಕಲ್ಲಿನ 28 × 1½ ಚಕ್ರದ ರಿಮ್ಮು ಎಷ್ಟು ಗೊತ್ತೇ? 635 ಮಿ.ಮೀ.! 29ಕ್ಕಿಂತಲೂ ದೊಡ್ಡದು. ಎಂಟಿಬಿಗೆ 26 ಬಂದ ಕಥೆ ಇದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ಹುಡುಗರು ಬೆಟ್ಟ ಇಳಿಸುತ್ತಿದ್ದ ಹಳೆಯ ದಪ್ಪ ಟೈರಿನ ಸೈಕಲ್ಲುಗಳಿಗೆ ಇದ್ದದ್ದೇ ಆ ಚಕ್ರ. ಅದೇ ದಶಕಗಟ್ಟಲೆ ಉಳಿದುಕೊಂಡಿತು.

ದೊಡ್ಡ ಚಕ್ರ ಕಲ್ಲನ್ನು ಸಲೀಸಾಗಿ ಹತ್ತುತ್ತದೆ ಎಂಬುದು ನಿಜ. ಎಷ್ಟು ಸಲೀಸು? 60 ಮಿ.ಮೀ. ಎತ್ತರದ ಕಲ್ಲಿಗೆ, ಒಂದೇ ಅಗಲದ ಟೈರಿರುವ 26 ಮತ್ತು 29ರ ಲೆಕ್ಕ ಹಾಕಿದರೆ, ಚಕ್ರ ಕಲ್ಲಿಗೆ ತಾಗುವ ಕೋನದಲ್ಲಿ ಒಂದೂವರೆ ಡಿಗ್ರಿ ವ್ಯತ್ಯಾಸ. ಹತ್ತಿಸಲು ಬೇಕಾದ ಬಲದಲ್ಲಿ ನೂರಕ್ಕೆ ಸುಮಾರು 6ರಷ್ಟು ಉಳಿತಾಯ. ಕೆಲಸಕ್ಕೆ ಬಾರದ್ದಲ್ಲ, ಆದರೆ ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಹೆಚ್ಚು ಫಲ ಕೊಡುವುದು ಟೈರಿನ ಅಗಲ, ಅದರೊಳಗಿನ ಗಾಳಿ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರವಿದೆ ಎನ್ನಿ. 60 ಪಿಎಸ್‌ಐ ಗಾಳಿಯಲ್ಲಿ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 12 ಚದರ ಸೆಂ.ಮೀ.; 30ಕ್ಕೆ ಇಳಿಸಿದರೆ 24. ಹಿಡಿತಕ್ಕೆ ಸಿಗುವ ನೆಲ ಇಮ್ಮಡಿಯಾಯಿತು. ಗಟ್ಟಿ ಗಾಳಿಯ ಟೈರು ಪ್ರತಿ ಕಲ್ಲಿಗೂ ಸವಾರನನ್ನೇ ಮೇಲೆತ್ತುತ್ತದೆ, ಆ ಎತ್ತುವಿಕೆಗೆ ನಿಮ್ಮ ಕಾಲಿನ ಶಕ್ತಿಯೇ ಖರ್ಚು. ಮೆತ್ತನೆಯ ಟೈರಾದರೆ ತಾನೇ ಕುಸಿದು ಕಲ್ಲನ್ನು ನುಂಗಿಕೊಳ್ಳುತ್ತದೆ. ಹಾಗೆಂದು ಸಣ್ಣ ಟೈರಿಗೆ ಗಾಳಿ ಇಳಿಸಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಕಡಿಮೆ ಗಾಳಿಯಲ್ಲೂ ರಿಮ್ಮು ಕಾಯಬೇಕಾದರೆ ಅಗಲದ ಟೈರೇ ಬೇಕು.

ಅಗಲದ ಟೈರು ಡಾಂಬರಿನ ಮೇಲೆ ಎಳೆಯುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಒಂದೇ ಒತ್ತಡದಲ್ಲಿ ಅಗಲದ ಟೈರು ಕಡಿಮೆ ಬಾಗುತ್ತದೆ, ಆದ್ದರಿಂದ ಉರುಳುವಾಗ ವ್ಯರ್ಥವಾಗುವ ಶಕ್ತಿಯೂ ಕಡಿಮೆ. ಭಾರವೆನಿಸುವುದು ಬಹುಪಾಲು ಟೈರಿನ ಮೇಲ್ಮೈಯ ಎತ್ತರದ ಗುಬಟೆಗಳಿಂದ. ಮಾಗಡಿ ರಸ್ತೆಯ ಡಾಂಬರನ್ನೂ ತುಳಿದು ಹೋಗಬೇಕಾದವರಿಗೆ ನಡುವೆ ಗುಬಟೆ ತಗ್ಗಾಗಿರುವ, 2.2 ಇಂಚಿನ ಆಸುಪಾಸಿನ ಟೈರು ನನ್ನ ಆಯ್ಕೆ. ಹಿಮಕ್ಕೂ ಮರಳಿಗೂ ಎಂದು ಹುಟ್ಟಿದ 4 ಇಂಚಿನ ಫ್ಯಾಟ್ ಟೈರು ಇಲ್ಲಿ ಬರೀ ಹೊರೆ.

ಕುಳ್ಳಗಿರುವವರಿಗೆ 27.5ರ ಸೈಕಲ್ಲು ತಿರುವಿನಲ್ಲಿ ಸುಲಭವಾಗಿ ಮಾತು ಕೇಳುತ್ತದೆ, ಎತ್ತರದವರು 29 ಕೊಳ್ಳಲಿ. ಈಗಿರುವ ಸೈಕಲ್ಲಿಗೇ ಅಗಲದ ಟೈರು ಹಾಕಿಸುವವರು ಮೊದಲು ಫ್ರೇಮು, ಫೋರ್ಕುಗಳ ಸಂದಿ ಅಳೆಯಬೇಕು. ಟೈರಿನ ಎರಡೂ ಪಕ್ಕ ಕನಿಷ್ಠ 6 ಮಿ.ಮೀ. ಬಿಡುವಿರಬೇಕು, ಮಳೆಗಾಲದ ಕೆಮ್ಮಣ್ಣು ಮೆತ್ತಿಕೊಂಡರೂ ಚಕ್ರ ತಿರುಗುವಷ್ಟು. ಗೇಜ್ ಇರುವ ಪಂಪೊಂದು ಮನೆಯಲ್ಲಿರಲಿ. ಮಣ್ಣಿಗಿಳಿಯುವ ಮುನ್ನ 30ರಿಂದ ಶುರುಮಾಡಿ, ಮುಂದಿನ ಟೈರಿಗೆ ಎರಡು ಪಿಎಸ್‌ಐ ಕಡಿಮೆ ಇಟ್ಟು, ರಿಮ್ಮು ಕಲ್ಲಿಗೆ ತಾಗಿದ ಸದ್ದು ಬಂದರೆ ಸ್ವಲ್ಪ ಏರಿಸಿ.