ಹಾಸಿಗೆಗೆ ವಿಮೆಯುಂಟು, ಮಾತ್ರೆಗೆ?

ಎಪ್ಪತ್ತು ತುಂಬಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಎಂದು ಕೇಳಿದವರಲ್ಲಿ ಅನೇಕರು ಮುಪ್ಪಿನ ಔಷಧೋಪಚಾರದ ಚಿಂತೆ ಇನ್ನು ತೀರಿತು ಎಂದುಕೊಂಡಿದ್ದಾರೆ. 2018ರಲ್ಲಿ ಬಡ ಕುಟುಂಬಗಳಿಗಾಗಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು, ಆದಾಯ ಎಷ್ಟೆಂದು ಕೇಳದೆ, ಈ ವಯೋಮಾನದವರೆಲ್ಲರಿಗೂ ವಿಸ್ತರಿಸಿತು. ಇದಕ್ಕೆ ಕೊಡುವುದು ‘ಆಯುಷ್ಮಾನ್ ವಯ ವಂದನ’ ಕಾರ್ಡ್. ವಯಸ್ಸಿಗೆ ಆಧಾರ್ ಪುರಾವೆ. ಕುಟುಂಬ ಮೊದಲೇ ಯೋಜನೆಯಲ್ಲಿದ್ದರೆ ಹಿರಿಯರಿಗೆಂದೇ ಪ್ರತ್ಯೇಕ 5 ಲಕ್ಷ ಸಿಗುತ್ತದೆ. ಆದರೆ ಗಂಡ, ಹೆಂಡತಿ ಇಬ್ಬರಿಗೂ ಎಪ್ಪತ್ತಾಗಿದ್ದರೆ ಇಬ್ಬರಿಗೂ ಸೇರಿ ಅಷ್ಟೇ. ಇದು ದೊಡ್ಡ ಆಸರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆಸರೆ ಯಾವ ಖರ್ಚಿಗೆ ಎಂಬುದನ್ನು ತಿಳಿಯದೆ ಕಾರ್ಡನ್ನಷ್ಟೇ ನಂಬಿದರೆ, ಲೆಕ್ಕ ತಪ್ಪುತ್ತದೆ.

ಈ ವಿಮೆ ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ: ಶಸ್ತ್ರಚಿಕಿತ್ಸೆ, ಹಾಸಿಗೆ, ದಾಖಲಾಗುವ ಮುಂಚಿನ 3 ದಿನ, ಮನೆಗೆ ಬಂದ ಮೇಲಿನ 15 ದಿನಗಳ ಔಷಧ ಮತ್ತು ತಪಾಸಣೆ. ಮೊದಲಿನಿಂದ ಇರುವ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಉಂಟು. ಹೊರರೋಗಿಯಾಗಿ ವೈದ್ಯರನ್ನು ಕಂಡು ಬರೆಸಿಕೊಂಡು ಬಂದ ಚೀಟಿಗೆ ಮಾತ್ರ ಇದರಲ್ಲಿ ಜಾಗವಿಲ್ಲ. ಮುಪ್ಪಿನ ನಿತ್ಯದ ಖರ್ಚು ಇರುವುದೋ ಅಲ್ಲಿಯೇ. ಬಿಪಿ, ಶುಗರ್, ಮಂಡಿ ನೋವು ಒಂದು ದಿನದ ಆಪರೇಷನ್ನಿಗೆ ಮುಗಿಯುವಂಥವಲ್ಲ. ತಿಂಗಳು ತಿಂಗಳೂ ಮಾತ್ರೆ, ರಕ್ತಪರೀಕ್ಷೆ ಬೇಡುತ್ತವೆ. ಮಾತ್ರೆಗೆ ಕಾಸಿಲ್ಲದೆ ಬಿಟ್ಟ ಬಿಪಿ ಮುಂದೆ ಪಾರ್ಶ್ವವಾಯುವಾಗಿ ಬಂದಾಗ ಕಾರ್ಡ್ ಕೆಲಸಕ್ಕೆ ಬರುತ್ತದೆ. ಅಲ್ಲಿಗೆ ಬಾರದಂತೆ ತಡೆಯುವ ಶಕ್ತಿ ಅದಕ್ಕಿಲ್ಲ.

ಹಾಗಾಗಿ ಯಾವ ಯೋಜನೆ ಎಷ್ಟು ಲಕ್ಷ ಕೊಡುತ್ತದೆ ಎಂಬುದಕ್ಕಿಂತ, ಯಾವ ಖರ್ಚನ್ನು ಹೊರುತ್ತದೆ ಎಂದು ಮೊದಲು ಕೇಳಬೇಕು. ಕೇಂದ್ರ ಸರ್ಕಾರದ ನಿವೃತ್ತ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಇವೆರಡೂ ಹೊರರೋಗಿ ಚಿಕಿತ್ಸೆ ಮತ್ತು ಔಷಧವನ್ನೂ ಕೊಡುತ್ತವೆ. ಈ ಸೌಲಭ್ಯ ಇರುವವರು ಅದನ್ನೇ ಉಳಿಸಿಕೊಳ್ಳಬಹುದು, ಇಲ್ಲವೇ ಆಯುಷ್ಮಾನ್‌ಗೆ ಬರಬಹುದು, ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. 5 ಲಕ್ಷದ ಅಂಕಿ ನೋಡಿ ಬದಲಾಯಿಸಿದರೆ, ಎಂದೋ ಬರಬಹುದಾದ ಆಪರೇಷನ್ನಿಗಾಗಿ ದಿನದ ಮಾತ್ರೆಯನ್ನು ಕೈಬಿಟ್ಟಂತಾಗುತ್ತದೆ. ಖಾಸಗಿ ವಿಮೆ ಅಥವಾ ಇಎಸ್‌ಐ ಇರುವವರಿಗೆ ಈ ಇಕ್ಕಟ್ಟಿಲ್ಲ, ಅವರು ಎರಡನ್ನೂ ಪಡೆಯಬಹುದು. ಕರ್ನಾಟಕದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು.

ಉಳ್ಳವರಿಗೂ ತೆರಿಗೆ ಹಣದಲ್ಲಿ ಚಿಕಿತ್ಸೆ ಏಕೆ ಎಂಬ ಆಕ್ಷೇಪವುಂಟು. ವಾದದಲ್ಲಿ ಹುರುಳಿದೆ. ಆದರೆ ವಿಮಾ ಕಂಪನಿಗಳ ಬಾಗಿಲಿಗೆ ಎಪ್ಪತ್ತರ ವಯಸ್ಸಿನಲ್ಲಿ ಹೋದರೆ ಮಧ್ಯಮ ವರ್ಗದವರಿಗೂ ಎದುರಾಗುವುದು ಏರಿದ ಪ್ರೀಮಿಯಂ, ಹಳೆ ಕಾಯಿಲೆಗೆ 3 ವರ್ಷದವರೆಗಿನ ಕಾಯುವಿಕೆ. ಹೊಸ ಪಾಲಿಸಿಗಿದ್ದ 65ರ ವಯೋಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತೆಗೆದುಹಾಕಿದೆ ನಿಜ, ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಬೆಲೆ ಇಳಿಯುವುದಿಲ್ಲ. ಆದ್ದರಿಂದ ನಿಜವಾದ ಕೊರತೆ ಉಳ್ಳವರಿಗೆ ಕೊಟ್ಟದ್ದರಲ್ಲಿಲ್ಲ. ಅರವತ್ತರಿಂದ ಎಪ್ಪತ್ತರ ನಡುವಿನ, ಬಿಪಿಎಲ್ ಕಾರ್ಡೂ ಇಲ್ಲದ, ಪಿಂಚಣಿಯೂ ಇಲ್ಲದವರನ್ನು ಬಿಟ್ಟದ್ದರಲ್ಲಿದೆ.

ಹೊರರೋಗಿಗಳ ಖರ್ಚನ್ನೂ ವಿಮೆಗೆ ಸೇರಿಸಿದರೆ ಬೊಕ್ಕಸ ತಾಳೀತೇ ಎಂಬ ಪ್ರಶ್ನೆಗೂ ಉತ್ತರವಿದೆ. ಮಾತ್ರೆ ಕೊಡಲು ವಿಮೆಯೇ ಬೇಕೆಂದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಖಾಲಿಯಾಗದಿದ್ದರೆ ಸಾಕು. ಜನೌಷಧಿ ಕೇಂದ್ರಗಳ ಅಗ್ಗದ ಜೆನೆರಿಕ್ ಔಷಧ, ಕರ್ನಾಟಕ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ, ಮನೆಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ ಇಡುತ್ತಿರುವುದು ಈ ಹೆಜ್ಜೆಯನ್ನೇ. ಮನೆಯಲ್ಲಿ ಹಿರಿಯರಿರುವವರು ಕಾರ್ಡ್ ಮಾಡಿಸುವ ಮುನ್ನ 14555ಕ್ಕೆ ಕರೆ ಮಾಡಿ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಂದು ಕೇಳಲಿ. ಕಾರ್ಡ್ ಕೈಗೆ ಬಂದ ಮೇಲೂ ತಿಂಗಳ ಮಾತ್ರೆಯ ದುಡ್ಡನ್ನು ಬೇರೆಯಾಗಿ ತೆಗೆದಿಡಲಿ.